ಸ್ಕಾಟ್ಲೆಂಡ್ ಪ್ರವಾಸ: ಅತ್ತಿಗೆಯವರ ಪ್ರಶ್ನೆಗೆ ಉತ್ತರ

ಅತ್ತಿಗೆ, ನಮಸ್ಕಾರ. ಗುಂಪು ಪ್ರವಾಸದಲ್ಲಿ ಸ್ಕಾಟ್ಲೆಂಡಿಗೆ ಹೋದರೆ ಅಲ್ಲಿನ ಸಂಸ್ಕೃತಿ ನಿಜವಾಗಿ ಕಾಣಸಿಗುತ್ತದೆಯೇ, ಅಥವಾ ಬಸ್ಸಿನ ಕಿಟಕಿಯಿಂದ ಕೋಟೆಗಳನ್ನು ನೋಡಿ, ಕಿಲ್ಟ್ ಎಂಬ ಮಡಿಕೆಯ ಚೌಕುಳಿ ಲಂಗ ಉಟ್ಟ ಗಂಡಸರ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡು ಬರುವುದಷ್ಟೇ ಆಗುತ್ತದೆಯೇ ಎಂದು ನಿನ್ನೆ ಕೇಳಿದ್ದಿರಿ. ಟೈಪ್ ಮಾಡಿ ಮುಗಿಯುವ ಉತ್ತರವಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೆ ಇಲ್ಲಿ ಕೇಳುತ್ತಿರುವ ಉಳಿದವರು ಮನ್ನಿಸಬೇಕು. ಅಂಥದೇ ಪ್ರವಾಸ ಮುಗಿಸಿ ಬಂದವನಾಗಿ ನನ್ನ ಅಭಿಪ್ರಾಯವಿಷ್ಟು: ಕಂಪನಿಯವರು ಕೊಡುವ ಪಟ್ಟಿಯಲ್ಲಿ ಹಗಲಿನ ಜಾಗಗಳನ್ನು ಎಣಿಸಬೇಡಿ, ಸಂಜೆಗಳಲ್ಲಿ ಏನಿದೆ ಎಂದು ನೋಡಿ. ಎಡಿನ್‌ಬರೋ ಕೋಟೆ, ಐಲನ್ ಡೋನನ್ ಕೋಟೆ, ನೆಸ್ ಸರೋವರ ಇವೆಲ್ಲ ಯಾವ ಕಂಪನಿಯ ಪಟ್ಟಿಯಲ್ಲೂ ಇದ್ದೇ ಇರುತ್ತವೆ.

ಸಂಜೆಗಳಲ್ಲಿ ಮುಖ್ಯವಾದದ್ದು ಕೇಲಿ. ಊರಿನ ಸಭಾಭವನದಲ್ಲೋ ಹೋಟೆಲಿನ ಹಾಲಿನಲ್ಲೋ ಪಿಟೀಲು, ಅಕಾರ್ಡಿಯನ್ ನುಡಿಸುವವರು ಸೇರುತ್ತಾರೆ, ಬಂದವರೆಲ್ಲ ಕುಣಿಯುತ್ತಾರೆ. ಅದು ವೇದಿಕೆಯ ಮೇಲಿನ ಪ್ರದರ್ಶನವಲ್ಲ. ಹೆಜ್ಜೆ ಕೂಗಿ ಹೇಳುವವರೊಬ್ಬರು ಮೊದಲು ವಾದ್ಯವಿಲ್ಲದೆ ಎಲ್ಲರನ್ನೂ ಒಂದು ಸುತ್ತು ನಡೆಸುತ್ತಾರೆ, ಆಮೇಲೆ ಸಂಗೀತ ಶುರುವಾಗುತ್ತದೆ. ‘ಸ್ಟ್ರಿಪ್ ದ ವಿಲೋ’ ಎಂಬ ನೃತ್ಯದಲ್ಲಿ ಎದುರುಬದುರು ನಿಂತ ಎರಡು ಸಾಲುಗಳ ನಡುವೆ ಒಂದು ಜೋಡಿ, ತೋಳಿಗೆ ತೋಳು ಕೊಂಡಿ ಹಾಕಿ, ಸಾಲಿನಲ್ಲಿರುವ ಒಬ್ಬೊಬ್ಬರ ಜೊತೆಗೂ ಗಿರ್ರನೆ ತಿರುಗುತ್ತಾ ಕೊನೆಯವರೆಗೆ ಸಾಗುತ್ತದೆ. ನಮ್ಮ ಗುಂಪಿನವರು ಅರ್ಧದಲ್ಲೇ ದಿಕ್ಕು ತಪ್ಪಿದಾಗ ಊರಿನ ಹಿರಿಯ ಹೆಂಗಸರು ಮೊಣಕೈ ಹಿಡಿದು ಸರಿಯಾದ ಕಡೆಗೆ ತಿರುಗಿಸುತ್ತಿದ್ದರು. ಅಣ್ಣನ ಮಂಡಿನೋವಿಗೆ ಆ ನೃತ್ಯ ಬೇಡ. ಬದಿಯಲ್ಲಿ ಕುಳಿತು ನೋಡುವವರೂ ಬೇಕಾದಷ್ಟು ಜನ ಇರುತ್ತಾರೆ.

ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪನ್ನು ಬೀದಿಯಲ್ಲಿ ಒಮ್ಮೆ ಕೇಳಿ ಗದ್ದಲವೆಂದು ತೀರ್ಮಾನಿಸಬೇಡಿ. ಭುಜದ ಮೇಲೆ ಒರಗಿರುವ ಮೂರು ಕೊಳವೆಗಳು ನಮ್ಮ ಶ್ರುತಿಪೆಟ್ಟಿಗೆಯಂತೆ ಒಂದೇ ಸ್ವರವನ್ನು ಬಿಡದೆ ಹಿಡಿದಿರುತ್ತವೆ, ರಾಗವೆಲ್ಲ ಬೆರಳಾಡುವ ಇನ್ನೊಂದು ಕೊಳವೆಯದು. ಅಷ್ಟು ತಿಳಿದು ಕೇಳಿದರೆ ಕಿವಿ ಬೇಗ ಹೊಂದಿಕೊಳ್ಳುತ್ತದೆ.

ಹಗಲಿನ ಜಾಗಗಳಲ್ಲಿ ಒಂದನ್ನು ಮಾತ್ರ ಬಿಡಬಾರದು, ಅದು ಇನ್ವರ್ನೆಸ್ ಹತ್ತಿರದ ಕಲೋಡನ್ ಬಯಲು. 1746ರ ಏಪ್ರಿಲ್ 16ರಂದು ಇಲ್ಲಿ, ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ರಾಜವಂಶದ ಪರ ಬಂಡೆದ್ದ ಜಾಕೊಬೈಟ್ ಸೈನ್ಯ ಸರ್ಕಾರದ ಸೈನ್ಯದೆದುರು ಒಂದು ಗಂಟೆಯೊಳಗೆ ಸೋತುಹೋಯಿತು. ಎರಡು ಸೈನ್ಯಗಳು ನಿಂತಿದ್ದ ಸಾಲುಗಳನ್ನು ಕೆಂಪು, ನೀಲಿ ಬಾವುಟಗಳು ತೋರಿಸುತ್ತವೆ. ಹುಲ್ಲಿನ ನಡುವೆ, ಸತ್ತವರ ಕುಲದ (ಕ್ಲಾನ್) ಹೆಸರು ಕೆತ್ತಿದ ಕಲ್ಲುಗಳಿವೆ, ಅವನ್ನು ನೆಟ್ಟದ್ದು 1881ರಲ್ಲಿ. ಆ ಸೋಲಿನ ಬೆನ್ನಿಗೇ ಬಂದ ಕಾನೂನು ಸ್ಕಾಟ್ಲೆಂಡಿನ ಗಂಡಸರು ಬೆಟ್ಟಸೀಮೆಯ (ಹೈಲ್ಯಾಂಡ್ಸ್) ಉಡುಪಾದ ಕಿಲ್ಟ್ ಉಡುವುದನ್ನು ನಿಷೇಧಿಸಿತು: ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು, ಎರಡನೆಯ ಸಲ ಏಳು ವರ್ಷ ಗಡೀಪಾರು. ಸರ್ಕಾರದ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ಹೋಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಸ್ವಾಗತದ ಏರ್ಪಾಡನ್ನು ವಹಿಸಿಕೊಂಡಿದ್ದ ಲೇಖಕ ವಾಲ್ಟರ್ ಸ್ಕಾಟ್ ಊರಿಗೆ ಊರನ್ನೇ ಟಾರ್ಟನ್ ಚೌಕುಳಿಯಲ್ಲಿ ಮುಳುಗಿಸಿದ. ದೊರೆಯೂ ಕಿಲ್ಟ್ ಉಟ್ಟ. ಎಡಿನ್‌ಬರೋದ ರಾಯಲ್ ಮೈಲ್ ಬೀದಿಯ ಅಂಗಡಿಗಳು ಮಾರುವ ‘ಕುಲಕ್ಕೊಂದು ಟಾರ್ಟನ್’ ಎಂಬ ಪದ್ಧತಿ ಗಟ್ಟಿಯಾದದ್ದು ಬಹುಪಾಲು ಆ ಕಾಲದಿಂದ ಈಚೆಗೆ. ಹಾಗೆಂದು ಅದನ್ನು ವೇಷವೆಂದು ನಾನು ಹೇಳಲಾರೆ. ಇಂದಿಗೂ ಮದುವೆಗಳಲ್ಲಿ ವರನೂ ಅವನ ಗೆಳೆಯರೂ ಕಿಲ್ಟ್ ಉಟ್ಟೇ ನಿಲ್ಲುತ್ತಾರೆ, ಅಲ್ಲಿ ಪ್ರವಾಸಿಗರು ಯಾರೂ ಇರುವುದಿಲ್ಲ.

ಬಟ್ಟೆ ಕೊಳ್ಳುವುದೇ ಆದರೆ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಬಟ್ಟೆ ಕೊಳ್ಳಿ. ಹೊರ ಹೆಬ್ರಿಡೀಸ್ ದ್ವೀಪಗಳಲ್ಲೇ ನೂಲು ತೆಗೆದು, ಅಲ್ಲಿನವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂದು 1993ರ ಕಾಯಿದೆಯೇ ಇದೆ. ಮಾವನವರಿಗೆ ಇನ್ನೊಂದು ವಿಷಯ ಇಷ್ಟವಾಗಬಹುದು: ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಇತಿಹಾಸದ ದಾಖಲೆಗಳನ್ನು, ಕೂಡಿಹಾಕಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅದೇ ದ್ವೀಪಗಳ ಸ್ಟಾರ್ನೊವೇ ಪಟ್ಟಣದಲ್ಲಿ.

ಊಟದ ಚಿಂತೆ ಬೇಡ. ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಕರಿಮೆಣಸಿನ ಜೊತೆ ಬೇಯಿಸಿದ್ದು, ನಿಮಗೆ ಆಗದು. ಆದರೆ ಬೇಳೆಕಾಳು, ತರಕಾರಿ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಹೆಚ್ಚಿನ ಕಡೆ ಸಿಗುತ್ತದೆ, ಖಾರವೂ ನಮ್ಮ ಬಾಯಿಗೆ ಒಗ್ಗುವಷ್ಟಿದೆ.

ಸೆಪ್ಟೆಂಬರಿನಲ್ಲಿ ಹೋಗುವುದಾದರೆ ಮೊದಲ ಶನಿವಾರ ಬ್ರೇಮಾರ್‌ನಲ್ಲಿ ನಡೆಯುವ ಕ್ರೀಡಾಕೂಟ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಅಲ್ಲಿ ಉದ್ದನೆಯ ಮರದ ದಿಮ್ಮಿಯನ್ನು ಎತ್ತಿ ಓಡಿ ಎಸೆಯುವವರಿಗೆ ಅಂಕ ಸಿಗುವುದು ದೂರಕ್ಕಲ್ಲ, ದಿಮ್ಮಿ ಮಗುಚಿ ಎಷ್ಟು ನೆಟ್ಟಗೆ ಮುಂದಕ್ಕೆ ಬಿತ್ತು ಎಂಬುದಕ್ಕೆ. ಅದು ಆಗದಿದ್ದರೆ ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ನಡೆಯುವ ಚಿಕ್ಕ ಕೂಟಗಳೂ ಸಾಕು. ನನಗೆ ಅವೇ ಹೆಚ್ಚು ಇಷ್ಟ. ಕಂಪನಿಯವರಿಂದ ಕೇಲಿ ಯಾವ ಊರಿನಲ್ಲಿ, ಅಲ್ಲಿಗೆ ಸ್ಥಳೀಯರೂ ಬರುತ್ತಾರೆಯೇ, ಕಲೋಡನ್‌ನಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂಬುದನ್ನು ಬರಹದಲ್ಲೇ ಕೇಳಿಸಿಕೊಂಡು, ಮುಂಗಡ ಕಟ್ಟುವ ಮೊದಲು ಆ ಪಟ್ಟಿಯನ್ನು ಇಲ್ಲಿ ಹಾಕಿ, ನಾನೂ ಒಮ್ಮೆ ನೋಡುತ್ತೇನೆ.