ಪದಚರ್ಚೆ: ಸೇನೆಯಲ್ಲಿ ಇದ್ದವರೆಲ್ಲ ‘ವೀರಯೋಧ’ರೇ?

ಗೆಳೆಯರೇ, ನಮಸ್ಕಾರ.

‘ವೀರಯೋಧ’ ಅನ್ನುವ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು. ಸೇನೆಯಲ್ಲಿದ್ದು ಬಂದ ಯಾರ ಹೆಸರಿನ ಜೊತೆ ಬೇಕಾದರೂ ಇದನ್ನು ಹಾಕಬಹುದೇ? ಅಥವಾ ಆ ‘ವೀರ’ ಬರಬೇಕಾದರೆ ಬೇರೆ ಏನಾದರೂ ನಡೆದಿರಬೇಕೇ?

ನನ್ನ ಸೋದರಮಾವ 17 ವರ್ಷ ಭೂಸೇನೆಯಲ್ಲಿದ್ದರು. ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ರೇಷನ್ನು, ಇಂಧನ ಮುಟ್ಟಿಸುವ ವಿಭಾಗ. ಲಾರಿ ಡ್ರೈವರ್ ಆಗಿ ಸೇರಿ ಹವಾಲ್ದಾರ್ ಆಗಿ ನಿವೃತ್ತರಾದರು. ಅವರಿಗೆ ಅರವತ್ತು ತುಂಬಿದಾಗ ಮನೆಮಂದಿಯೆಲ್ಲ ಸೇರಿ ಒಂದು ಸಣ್ಣ ಸಮಾರಂಭ ಇಟ್ಟುಕೊಂಡೆವು. ಆಹ್ವಾನ ಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ನಮ್ಮ ಹೆಮ್ಮೆಯ ವೀರಯೋಧ’ ಅಂತ ಶುರು ಮಾಡಿ ಕರಡನ್ನು ಅವರ ಕೈಗೆ ಕೊಟ್ಟೆ. ಮಾವ ಕನ್ನಡಕ ಹಾಕಿಕೊಂಡು ಓದಿದರು. ಪೆನ್ನು ಕೇಳಿದರು. ‘ವೀರ’ದ ಮೇಲೆ ಒಂದು ಗೆರೆ ಎಳೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಯೋಧ’ದ ಮೇಲೂ ಎಳೆದರು.

‘ಯಾಕೆ ಮಾವ?’ ಅಂದೆ.

‘ನಾನು ಲಾರಿ ಓಡಿಸ್ದೆ ಕಣೋ. ಹಿಟ್ಟು, ಬೇಳೆ, ಸೀಮೆಎಣ್ಣೆ ಮೇಲಕ್ಕೆ ಮುಟ್ಟಿಸ್ದೆ.’

ಆಮೇಲೆ ಒಳಗೆ ಹೋಗಿ ಒಂದು ಬಿಸ್ಕೆಟ್ ಡಬ್ಬಿ ತಂದರು. ಅದರೊಳಗೆ ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟ ಮೂರು ಪದಕಗಳು. ರಿಬ್ಬನ್ನುಗಳ ಬಣ್ಣ ಮಾಸಿತ್ತು. ಒಂದು ಸೈನ್ಯ ಸೇವಾ ಪದಕ, ಅದರ ರಿಬ್ಬನ್ನಿನ ಮೇಲೆ ಜಮ್ಮು ಕಾಶ್ಮೀರ ಎಂದು ಬರೆದ ಸಣ್ಣ ಲೋಹದ ಪಟ್ಟಿ. ಇನ್ನೊಂದು ಎತ್ತರದ ಪ್ರದೇಶದಲ್ಲಿ ಕೆಲಸ ಮಾಡಿದ್ದಕ್ಕೆ ಕೊಟ್ಟದ್ದು. ಮೂರನೆಯದು 9 ವರ್ಷದ ದೀರ್ಘ ಸೇವೆಗೆ. ‘ಇದ್ರಲ್ಲಿ ವೀರ ಅಂತ ಎಲ್ಲಿದೆ ತೋರ್ಸು’ ಅಂದರು. ‘ಸೇವೆ ಅಂತ ಇದೆ. ಅದನ್ನೇ ಹಾಕು.’

ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಮಾವ ತೋರಿಸಿದ್ದು ಸರಿಯಾಗೇ ಇತ್ತು. ಸೇನೆಯೇ ಈ ಎರಡು ಪದಗಳನ್ನು ಬೇರೆ ಬೇರೆ ಇಟ್ಟಿದೆ. ಒಂದು ಸಾಲಿನಲ್ಲಿ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಇನ್ನೊಂದು ಸಾಲಿನಲ್ಲಿ ಪರಮ ವಿಶಿಷ್ಟ ಸೇವಾ, ಅತಿ ವಿಶಿಷ್ಟ ಸೇವಾ, ವಿಶಿಷ್ಟ ಸೇವಾ ಪದಕಗಳು. ಮೊದಲ ಸಾಲಿಗೆ ಸೇರಲು ಎಷ್ಟು ವರ್ಷ ದುಡಿದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಶತ್ರುವಿನ ಎದುರು ಒಂದು ದಿನ, ಒಂದು ಹೊತ್ತು, ನೀವು ಮಾಡಿದ ಒಂದು ಕೆಲಸ ಲೆಕ್ಕಕ್ಕೆ ಬರುತ್ತದೆ. ಪರಮವೀರ ಚಕ್ರ 1950ರ ಜನವರಿ 26ರಂದು ಜಾರಿಗೆ ಬಂತು. ಇದುವರೆಗೆ ಸಿಕ್ಕಿರುವುದು 21 ಜನರಿಗೆ, ಅವರಲ್ಲಿ 14 ಜನರಿಗೆ ಸತ್ತ ಮೇಲೆ. ಲಕ್ಷಾಂತರ ಜನ ಇರುವ ಸೇನೆ ತನ್ನವರಲ್ಲೇ ‘ವೀರ’ ಅನ್ನುವುದನ್ನು ಇಷ್ಟು ಅಳೆದು ಕೊಡುತ್ತದೆ. ಹಾಗಾದರೆ ಭಾಷೆ ಬಳಸುವ ನಾವು ಅದನ್ನು ಯೋಚಿಸದೆ ಹಂಚುವುದು ಸರಿಯೇ?

ಈಗ ಪದಗಳಿಗೆ ಬರುತ್ತೇನೆ. ‘ಸೈನಿಕ’ ಸುಲಭ. ಸೇನೆಗೆ ಸೇರಿದವನು, ಮುಗಿಯಿತು. ಅಡುಗೆ ಮಾಡುವವರು, ಗುಮಾಸ್ತರು, ಮೆಕ್ಯಾನಿಕ್ಕುಗಳು ಎಲ್ಲರೂ ಇದರೊಳಗೆ ಬರುತ್ತಾರೆ. ‘ಯೋಧ’ ಹಾಗಲ್ಲ. ಅದರ ಬೇರು ‘ಯುಧ್’, ಅಂದರೆ ಕಾದಾಡು. ಯುದ್ಧ, ಆಯುಧ, ಯುಧಿಷ್ಠಿರ ಎಲ್ಲ ಇದೇ ಬೇರಿನವು. ಪತ್ರಿಕೆಗಳಲ್ಲಿ ಈಗ ‘ಸೈನಿಕ’ ಕಡಿಮೆಯಾಗಿ ‘ಯೋಧ’ ಜಾಸ್ತಿಯಾಗಿದೆ ಅಂತ ನನಗೆ ಅನ್ನಿಸುತ್ತದೆ. ರಜೆಗೆ ಊರಿಗೆ ಬಂದವನೂ ಯೋಧ, ರೈಲು ತಪ್ಪಿಸಿಕೊಂಡವನೂ ಯೋಧ. ಎರಡಕ್ಷರದ ಪದ, ತಲೆಬರಹದಲ್ಲಿ ಜಾಗ ಉಳಿಯುತ್ತದೆ. ಅದಕ್ಕೂ ಇರಬಹುದು.

‘ವೀರ’ದ ಕಥೆ ಇನ್ನೂ ಹಳೆಯದು. ವೇದಕಾಲದ ಸಂಸ್ಕೃತದಲ್ಲಿ ಅದಕ್ಕೆ ಗಂಡಸು, ಗಂಡುಮಗ ಅನ್ನುವ ಅರ್ಥವೂ ಇತ್ತು. ಲ್ಯಾಟಿನ್ನಿನ ‘ವಿರ್’ ಇದರ ದಾಯಾದಿ. ಆದರೆ ಆ ಪದ ನಮ್ಮಲ್ಲಿ ಬೇರು ಬಿಟ್ಟದ್ದು ಕಲ್ಲಿನ ಮೇಲೆ. ವೀರಗಲ್ಲುಗಳನ್ನು ನೀವೆಲ್ಲ ನೋಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತಿರುವುದು. ಈ ಕಲ್ಲುಗಳನ್ನು ನಿಲ್ಲಿಸಿದ್ದು ಯಾರಿಗೆ? ರಾಜನ ದಂಡಿನಲ್ಲಿ ಹೋದವರಿಗೆ ಮಾತ್ರ ಅಲ್ಲ. ತುರುಗೋಳಿನಲ್ಲಿ, ಅಂದರೆ ಕದ್ದೊಯ್ಯುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಸತ್ತವರಿಗೆ. ಊರಳಿವಿನಲ್ಲಿ ಊರು ಕಾಯುತ್ತಾ ಸತ್ತವರಿಗೆ. ಹೆಂಗಸರ ಮಾನ ಕಾಯಲು ಅಡ್ಡ ನಿಂತವರಿಗೆ. ಹುಲಿಯ ಜೊತೆ ಸೆಣಸಿದವರಿಗೂ ಕಲ್ಲುಗಳಿವೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನನಗೆ ತುಂಬಾ ಇಷ್ಟ. ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಕಾಳಗದಲ್ಲಿ ಮಣಲೇರ ಎಂಬವನು ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಕಚ್ಚಾಡುವ ಚಿತ್ರ ಇವತ್ತಿಗೂ ಇದೆ. ಒಂದು ಸಾವಿರ ವರ್ಷದ ಹಿಂದೆ ಕನ್ನಡದವರು ಕೆಲಸವನ್ನು ನೋಡಿದರು, ಮಾಡಿದವರು ಯಾರು ಅಂತ ನೋಡಲಿಲ್ಲ. ಈ ಪದವನ್ನು ಹೇಗೆ ಬಳಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗಂತೂ ಕಾಣುವುದಿಲ್ಲ.

ಈ ಕಾಲದಲ್ಲೂ ಹಾಗೇ ನಡೆದಿದೆ. 1986ರಲ್ಲಿ ಕರಾಚಿಯಲ್ಲಿ ಉಗ್ರರು ಹಿಡಿದಿಟ್ಟ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸಲು ಹೋಗಿ ಗುಂಡೇಟಿಗೆ ಸತ್ತ ಗಗನಸಖಿ ನೀರಜಾ ಭನೋಟ್‌ಗೆ ಅಶೋಕ ಚಕ್ರ ಕೊಟ್ಟರು, ಯುದ್ಧಭೂಮಿಯ ಹೊರಗಿನ ಶೌರ್ಯಕ್ಕೆ ಸಿಗುವ ಅತಿ ದೊಡ್ಡ ಪದಕ. ಸೇನೆಯಲ್ಲಿ ಒಂದು ದಿನವೂ ಇರದ 22ರ ಹುಡುಗಿ.

ಅಚ್ಚಗನ್ನಡದ ‘ಆಳು’ ಪದವನ್ನೂ ಒಮ್ಮೆ ನೋಡಿ. ಕಾಲಾಳು ಅಂದರೆ ನಡೆದುಕೊಂಡು ಕಾದುವ ಸೈನಿಕ. ಕೂಲಿಯಾಳು ಅಂದರೆ ದಿನಗೂಲಿಯವನು. ಎರಡಕ್ಕೂ ಒಂದೇ ‘ಆಳು’. ಹಳಗನ್ನಡದ ‘ಆಳ್ತನ’ಕ್ಕೆ ಪರಾಕ್ರಮ ಅನ್ನುವ ಅರ್ಥವೂ ಇತ್ತು, ಸೇವಕನಾಗಿರುವುದು ಅನ್ನುವ ಅರ್ಥವೂ ಇತ್ತು. ‘ಬಂಟ’ನೂ ಹಾಗೇ. ಪರ್ಷಿಯನ್ನಿನಿಂದ ಬಂದ ‘ಜವಾನ್’ಗೆ ಮೂಲದಲ್ಲಿ ಹರೆಯದವನು ಅಂತ ಅರ್ಥ. ಕನ್ನಡದಲ್ಲಿ ಅದು ಎರಡಾಗಿದೆ: ಗಡಿಯಲ್ಲಿ ನಿಂತರೆ ಜವಾನ್, ಕಚೇರಿಯ ಬಾಗಿಲಲ್ಲಿ ನಿಂತರೆ ಜವಾನ. ಒಂದೇ ಪದದ ಒಂದು ಕವಲಿಗೆ ಜೈಕಾರ ಸಿಗುತ್ತದೆ, ಇನ್ನೊಂದಕ್ಕೆ ಕಾಫಿ ತಾ ಅನ್ನುವ ಅಪ್ಪಣೆ. ಇದನ್ನು ನೋಡಿದಾಗ ಬೇಜಾರಾಗುತ್ತದೆ. ಮಾವ ತನ್ನ ಕೆಲಸವನ್ನು ಯಾವಾಗಲೂ ‘ನೌಕರಿ’ ಅಂತಲೇ ಹೇಳುತ್ತಾರೆ. ‘ಮಿಲಿಟ್ರಿ ನೌಕರಿ’. ಅವರ ಜೊತೆಗಾರರೂ ಹಾಗೇ ಹೇಳುವುದನ್ನು ಕೇಳಿದ್ದೇನೆ.

ಜೋಳವಾಳಿ ಅನ್ನುವ ಹಳೆಯ ಪದ ನೆನಪಾಗುತ್ತದೆ. ಒಡೆಯನ ಜೋಳ ಉಂಡವನು ಕಾಳಗದಲ್ಲಿ ಆ ಋಣ ತೀರಿಸಬೇಕು ಅನ್ನುವ ಕಟ್ಟುಪಾಡು. ಅದು ಕರ್ತವ್ಯ. ತಪ್ಪಿದರೆ ಹೀನಾಯ. ಕರ್ತವ್ಯ ಮಾಡಿದರೆ ಮರ್ಯಾದೆ ಇದೆ, ಆದರೆ ಮಾಡಿದ್ದಕ್ಕೆಲ್ಲ ಕಲ್ಲು ನಿಲ್ಲಿಸುತ್ತಿರಲಿಲ್ಲ.

‘ಹುತಾತ್ಮ’ ಬೇರೆಯೇ ಚರ್ಚೆ. ಬೆಂಕಿಗೆ ಹವಿಸ್ಸಿನ ಹಾಗೆ ತನ್ನನ್ನೇ ಅರ್ಪಿಸಿದವನು ಅಂತ ಅದರ ಅರ್ಥ. ಅದಕ್ಕೆ ಸಾಟಿಯಾದ ‘ಶಹೀದ್’ ಅನ್ನುವುದನ್ನು ಸೇನೆ ಅಧಿಕೃತವಾಗಿ ಬಳಸುವುದಿಲ್ಲ ಎಂದು ರಕ್ಷಣಾ ಸಚಿವಾಲಯ ಸಂಸತ್ತಿನಲ್ಲೇ ಹೇಳಿದೆ. ಅಷ್ಟು ಮಾತ್ರ ಇಲ್ಲಿ ಸಾಕು.

ನನ್ನ ಚಿಕ್ಕಮ್ಮನ ಮಗಳು ಈ ವಾದವನ್ನು ಒಪ್ಪಲಿಲ್ಲ. ‘ಸೇರುವಾಗಲೇ ಪ್ರಾಣ ಹೋಗಬಹುದು ಅಂತ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ ಸಹಿ ಹಾಕಿದ್ರಲ್ಲ, ಅದೇ ವೀರತನ ಅಲ್ವಾ ಅಣ್ಣ?’ ಅಂದಳು. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಆ ಸಹಿಗೆ ತೂಕ ಇದೆ. ಆದರೆ ಅದಕ್ಕೆ ಕನ್ನಡದಲ್ಲಿ ‘ಎದೆಗಾರಿಕೆ’ ಅನ್ನುವ ಒಳ್ಳೆಯ ಪದ ಇದೆ, ‘ಧೈರ್ಯ’ ಇದೆ. ಸಿದ್ಧನಿರುವುದು ಬೇರೆ, ಆ ಹೊತ್ತು ಬಂದಾಗ ಮುನ್ನುಗ್ಗುವುದು ಬೇರೆ. ಸಿದ್ಧರಿದ್ದ ಎಷ್ಟೋ ಜನರಿಗೆ ಆ ಹೊತ್ತು ಬರುವುದೇ ಇಲ್ಲ, ಅದು ಅವರ ತಪ್ಪೂ ಅಲ್ಲ. ಆ ಹೊತ್ತು ಯಾರ ಮುಂದೆ ಬಂದು ನಿಲ್ಲುತ್ತದೆ ಅಂತ ಹೇಳಲೂ ಆಗುವುದಿಲ್ಲ. 1965ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರ ಹುದ್ದೆ ಏನು ಗೊತ್ತೇ? ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ಸಾಮಾನು ಸರಂಜಾಮು ನೋಡಿಕೊಳ್ಳುವವರ ಹುದ್ದೆ.

ಇದನ್ನೆಲ್ಲ ಮಾವನ ಮುಂದೆ ಹೇಳಿದೆ. ಅವರು ಮೊದಲ ಸಲ ಒಂದು ವಿಷಯ ಹೇಳಿದರು.

ಕಾಶ್ಮೀರದಿಂದ ಲಡಾಖಿಗೆ ಹೋಗುವ ಝೋಜಿಲಾ ಕಣಿವೆದಾರಿ ಹಿಮ ಬಿದ್ದು ಮುಚ್ಚುವ ಮೊದಲು ಆಚೆಗೆ ಚಳಿಗಾಲದ ರೇಷನ್ನು ಸಾಗಿಸಬೇಕು. ನವೆಂಬರ್ ತಿಂಗಳು. ಬೆಳಗಿನ ಜಾವ ಡೀಸೆಲ್ ಗಟ್ಟಿಯಾಗಿ ಎಂಜಿನ್ ಏಳುತ್ತಿರಲಿಲ್ಲ, ಕೆಳಗೆ ಬೆಂಕಿ ಹಿಡಿದು ಕಾಯಿಸುತ್ತಿದ್ದರು. ಏರಿನಲ್ಲಿ ಸಾಲಾಗಿ ಲಾರಿಗಳು ನಿಂತಿದ್ದವು. ಮಾವನ ಲಾರಿಗಿಂತ ಮುಂದಿದ್ದ ಲಾರಿ ಮಂಜುಗಡ್ಡೆಯ ಮೇಲೆ ಹಿಂದಕ್ಕೆ ಜಾರಲು ಶುರುವಾಯಿತು. ಬ್ರೇಕು ಹಿಡಿಯುತ್ತಿಲ್ಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಏನೂ ಇಲ್ಲ. ಅದು ಬಂದು ಗುದ್ದಿದರೆ ಹಿಂದಿನದೂ ಹೋಗುತ್ತಿತ್ತು. ಮಾವ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದರಂತೆ, ಮೈ ಅಲುಗಲಿಲ್ಲವಂತೆ. ಆಗ ಪಕ್ಕದ ಸೀಟಿನಲ್ಲಿದ್ದ ಹೊಸ ಹುಡುಗ, ಸೇರಿ ವರ್ಷವೂ ಆಗಿರಲಿಲ್ಲ, ಬಾಗಿಲು ತೆಗೆದು ಹಾರಿದ. ಕೈಯಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರದ ದಿಮ್ಮಿ. ಜಾರಿ ಬರುತ್ತಿದ್ದ ಲಾರಿಯ ಹಿಂದೆ ಹೋಗಿ ಮೊಣಕಾಲೂರಿ ಅದನ್ನು ಚಕ್ರದ ಕೆಳಗೆ ತಳ್ಳಿದ. ಲಾರಿ ನಿಂತಿತು. ದಿಮ್ಮಿಯ ಜೊತೆ ಅವನ ಬಲಗೈಯೂ ಸಿಕ್ಕಿಕೊಂಡಿತ್ತು. ಮೂರು ಬೆರಳು ಹೋದವು.

‘ಅವನಿಗೆ ಯಾವ ಪದಕವೂ ಬರ್ಲಿಲ್ಲ. ಬರ್ಕೊಡೋರು ಯಾರೂ ಇರ್ಲಿಲ್ಲ’ ಅಂದರು ಮಾವ. ‘ನೀನು ನನ್ನ ಹೆಸರಿನ ಜೊತೆ ವೀರ ಅಂತ ಬರೆದೆ ನೋಡು, ನನಗೆ ಆ ಹುಡುಗನ ಕೈ ಕಂಡಂಗಾಯ್ತು.’

ಹಾಗಾಗಿ ಸೇನೆಯ ಪದಕಗಳ ಲೆಕ್ಕ ಮಾತ್ರ ಸಾಲದು ಅಂತಲೂ ನನಗೆ ಅರ್ಥವಾಯಿತು. ಪದಕ ಇದ್ದರೂ ಇಲ್ಲದಿದ್ದರೂ ‘ವೀರ’ ಅನ್ನುವುದು ಆ ದಿಮ್ಮಿ ಹಿಡಿದ ಕೈಗೆ ಸೇರಿದ್ದು. ಅದನ್ನು ಸಮವಸ್ತ್ರ ತೊಟ್ಟವರಿಗೆಲ್ಲ ಒಟ್ಟಿಗೆ ಕೊಟ್ಟುಬಿಟ್ಟರೆ ಆ ಹುಡುಗನಿಗೆ ಹೇಳಲು ನಮ್ಮಲ್ಲಿ ಏನೂ ಉಳಿಯುವುದಿಲ್ಲ. ಮಾವನಂಥವರಿಗೂ ನಷ್ಟವೇ. ವೀರಯೋಧ ಅಂದ ಕೂಡಲೇ ನಾವು ಕೈಮುಗಿದು ಮುಂದೆ ಹೋಗುತ್ತೇವೆ, ಅಲ್ಲಿ ನೀವು ಏನು ಕೆಲಸ ಮಾಡಿದಿರಿ ಅಂತ ಕೇಳುವುದಿಲ್ಲ. ನನಗೇ ಇಷ್ಟು ವರ್ಷ ಆ ದಿಮ್ಮಿಯ ಕಥೆ ಗೊತ್ತಿರಲಿಲ್ಲ. ಅವತ್ತು ಮೈ ಅಲುಗಲಿಲ್ಲ ಅಂತ ಹೇಳಿಕೊಳ್ಳಲು, ವೀರ ಅನ್ನಿಸಿಕೊಂಡವರಿಗೆ ಎಲ್ಲಿದೆ ಜಾಗ?

ಕೊನೆಗೆ ಆಹ್ವಾನ ಪತ್ರಿಕೆಯಲ್ಲಿ ‘17 ವರ್ಷ ಸೇನೆಯಲ್ಲಿ ಸೇವೆ ಸಲ್ಲಿಸಿದ’ ಅಂತ ಅಚ್ಚು ಹಾಕಿಸಿದೆವು. ಮಾವ ಒಪ್ಪಿದರು. ಆದರೆ ಅದು ಕಚೇರಿಯ ಕಾಗದದ ಹಾಗೆ ಓದಿಸಿಕೊಳ್ಳುತ್ತದೆ, ಪ್ರೀತಿಯಿಂದ ಕರೆದ ಹಾಗಿಲ್ಲ. ‘ಮಾಜಿ ಸೈನಿಕ’ ಸರಿಯಾದ ಪದವೇ, ಆದರೆ ‘ಮಾಜಿ’ ಅಂದ ಕೂಡಲೇ ಯಾರನ್ನೋ ಕೆಳಗಿಳಿಸಿದ ಹಾಗೆ ಕೇಳುತ್ತದೆ.

ನನ್ನ ಪ್ರಶ್ನೆ ಇದು. ವೀರ ಅನ್ನದೆ, ಆದರೆ ಪೂರ್ತಿ ಮರ್ಯಾದೆಯಿಂದ, ಸೇನೆಯಲ್ಲಿ ದುಡಿದು ಬಂದವರನ್ನು ಕರೆಯಲು ನಿಮ್ಮ ಕಡೆಯ ಮಾತಿನಲ್ಲಿ ಒಂದೇ ಪದ ಇದೆಯೇ? ‘ಪಡೆಯಾಳು’, ‘ದಂಡಾಳು’ ಇವನ್ನು ಆಡುಮಾತಿನಲ್ಲಿ ಯಾರಾದರೂ ಕೇಳಿದ್ದೀರಾ, ಅಥವಾ ಬರಹದಲ್ಲಿ ಮಾತ್ರವೇ? ‘ಆಳ್ತನ’ದಲ್ಲಿ ಮೊದಲು ಬಂದ ಅರ್ಥ ಯಾವುದು, ಪರಾಕ್ರಮವೋ ಸೇವೆಯೋ? ಶಾಸನಗಳನ್ನು ಓದಿದವರು ಯಾವ ಸಾಲಿನಲ್ಲಿ ಹೇಗೆ ಬಂದಿದೆ ಅಂತ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.