ಅರ್ಧ ಮೊಳ ಕನಕಾಂಬರ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಬೆಳಿಗ್ಗೆ ಎದ್ದು ಶುಭೋದಯ ಹಾಕುವವರು ಆರು ಜನ, ಜಗಳ ಆಡುವವರು ಐದು, ಮಿಕ್ಕವರು ಸುಮ್ನೆ ಓದುವವರು. ನಾನು ಸುಮ್ನೆ ಓದುವವಳು. ಮೊನ್ನೆ ಭಾನುವಾರ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ, ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದ ಹಾಗೆ ಕೂತು ಓದಿದ್ದಕ್ಕೆ ಏನಾದರೂ ಪ್ರಯೋಜನ ಆಗಲಿ. ಹೆಸರು ಹಾಕಿಲ್ಲ. ನನ್ನ ಫೋನಿನಲ್ಲಿ ಎಲ್ಲರೂ ಊರಿನ ಹೆಸರಲ್ಲೇ ಇದ್ದಾರೆ.

ವಿಷಯ ಇಷ್ಟೇ. ಅಕ್ಕನ ಮಗಳ ಮದುವೆ ಕಾರ್ತಿಕದಲ್ಲಿ, ತುಳಸಿ ಹಬ್ಬ ಕಳೆದು ಎರಡು ವಾರಕ್ಕೆ. ಅಕ್ಕ ಮಂಟಪದ ಚಿತ್ರ ಹಾಕಿದ್ದಳು, ಹಳದಿ ಬಿಳಿ ಸೇವಂತಿಗೆ, ನಡುನಡುವೆ ಮಾವಿನ ಸೊಪ್ಪು. ಎಲ್ಲರೂ ಹೆಬ್ಬೆರಳು ಒತ್ತಿ ಮುಂದೆ ಹೋದರು. ಮೂರು ದಿನ ಬಿಟ್ಟು, ಬೆಳಿಗ್ಗೆ 6:12ಕ್ಕೆ ದೊಡ್ಡಪ್ಪ ಇದನ್ನು ತಂದು ಹಾಕಿದರು, ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ಬೀಳುವ ಎರಡು ಬಾಣದ ಗುರುತಿನ ಸಮೇತ.

"ಎಚ್ಚರ!!! ಕಾರ್ತಿಕದಲ್ಲಿ ಮದುವೆ ಇಟ್ಟುಕೊಂಡವರು ತಪ್ಪದೇ ಓದಿ. ಸೇವಂತಿಗೆ ಶುಭಕಾರ್ಯದ ಹೂವಲ್ಲ. ವಿದೇಶದಲ್ಲಿ ಇದನ್ನು ಗೋರಿಗೆ ಮಾತ್ರ ಇಡುತ್ತಾರೆ. ಈಗಿನ ಸೇವಂತಿಗೆ ರಾತ್ರಿ ಕರೆಂಟ್ ಬಲ್ಬ್ ಕೊಟ್ಟು ಬೆಳೆಸಿದ್ದು, ಮುಡಿದರೆ ಕೂದಲು ಉದುರುತ್ತದೆ. ವಿಜ್ಞಾನಿಗಳೇ ಹೇಳಿದ್ದಾರೆ. ಮಲ್ಲಿಗೆ ಮಾತ್ರ ಬಳಸಿ. ಹತ್ತು ಜನಕ್ಕೆ ಕಳಿಸಿ."

ಕೆಳಗೆ ಅವರದೇ ಒಂದು ಸಾಲು: ಯಾರನ್ನೂ ಉದ್ದೇಶಿಸಿ ಅಲ್ಲ, ಮಾಹಿತಿಗಾಗಿ.

ಮೈಸೂರು ಅತ್ತೆ: ಅಯ್ಯೋ ಹೌದಾ ಅಣ್ಣ? ನನಗೂ ಅನ್ನಿಸಿತ್ತು. ಹೇಳಿದರೆ ತಪ್ಪು ತಿಳಿಯುತ್ತಾರೆ ಅಂತ ಸುಮ್ಮನಿದ್ದೆ.

ಮ್ಯೂನಿಕ್ ತಮ್ಮ: ಯಾವ ವಿಜ್ಞಾನಿ ದೊಡ್ಡಪ್ಪ? ಎಲ್ಲಿ ಹೇಳಿದ್ದು?

ದೊಡ್ಡಪ್ಪ: ನನಗೆ ಕಳಿಸಿದವರು ನಿವೃತ್ತ ಮೇಷ್ಟ್ರು. ಸುಳ್ಳು ಹೇಳುವವರಲ್ಲ.

ಮ್ಯೂನಿಕ್ ತಮ್ಮ: ಮೇಷ್ಟ್ರಿಗೆ ಯಾರು ಕಳಿಸಿದ್ದು?

ದೊಡ್ಡಪ್ಪ: ಎಲ್ಲದಕ್ಕೂ ಪುರಾವೆ ಕೇಳುವುದು ಈಗಿನ ಮಕ್ಕಳಿಗೆ ಒಂದು ಚಟ. ನಿಮ್ಮ ತಾತ ಒಂದು ಮಾತು ಹೇಳಿದರೆ ನಾವು ಎದುರು ಮಾತಾಡುತ್ತಿರಲಿಲ್ಲ.

ಶಿವಮೊಗ್ಗ ಚಿಕ್ಕಪ್ಪ: ತೋಟ ಭಾಗ ಆಗುವಾಗ ಪತ್ರ ತೋರಿಸಿ ಅಂತ ಅಪ್ಪನನ್ನು ಕೇಳಿದ್ದು ಯಾರು ಅಣ್ಣ?

ಇದಾದ ಮೇಲೆ ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಪ್ಪ ವರ್ಷಕ್ಕೆ ಮೂರು ಮೆಸೇಜ್ ಹಾಕುವವರು, ಮೂರೂ ಹೀಗೇ ಇರುತ್ತವೆ.

ಅಷ್ಟರಲ್ಲಿ ನನ್ನ ತಮ್ಮ ಒಂದು ಉದ್ದದ್ದು ಕುಟ್ಟಿದ್ದ:

"ಬಲ್ಬ್ ವಿಷಯ ನಿಜ, ಮಿಕ್ಕಿದ್ದು ಸುಳ್ಳು. ಸೇವಂತಿಗೆ ರಾತ್ರಿ ಉದ್ದ ಆದಾಗ ಮೊಗ್ಗು ಬಿಡುವ ಗಿಡ, ಅದಕ್ಕೇ ಈ ಕಾಲಕ್ಕೆ ತಾನಾಗಿ ಅರಳುತ್ತದೆ. ಗಿಡ ಬೆಳೆಯುವ ಮುಂಚೆಯೇ ಮೊಗ್ಗು ಕಟ್ಟಿದರೆ ರೈತನಿಗೆ ನಷ್ಟ. ಅದಕ್ಕೆ ಕೆಲವು ವಾರ ರಾತ್ರಿ ದೀಪ ಹಾಕಿ, ಇನ್ನೂ ಹಗಲು ಅಂತ ಗಿಡವನ್ನು ನಂಬಿಸುತ್ತಾರೆ. ದೀಪ ಆರಿಸಿದ ಮೇಲೆ ಮೊಗ್ಗು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಬಂದವರು ನೋಡಿರುತ್ತೀರಿ, ಹೊಲದ ತುಂಬಾ ಬಲ್ಬ್. ಇದರಲ್ಲಿ ಕೂದಲು ಎಲ್ಲಿಂದ ಬಂತು?

ಗೋರಿ ವಿಷಯ ಅರ್ಧ ನಿಜ. ನವೆಂಬರ್ 1ಕ್ಕೆ ಇಲ್ಲಿ ಸತ್ತವರನ್ನು ನೆನೆಯಲು ಸ್ಮಶಾನಕ್ಕೆ ಹೋಗುತ್ತಾರೆ, ಎಲ್ಲಿ ನೋಡಿದರೂ ಸೇವಂತಿಗೆ ಕುಂಡ. ಫ್ರಾನ್ಸಿನಲ್ಲೂ ಹಾಗೇ. ಆದರೆ ಅದು ಅಪಶಕುನ ಅಂತ ಅಲ್ಲ, ಆ ಚಳಿಗೆ ಅರಳಿ ನಿಲ್ಲುವ ಹೂವು ಕಡಿಮೆ ಅಂತ. ಜಪಾನಿನಲ್ಲಿ ಹದಿನಾರು ಎಸಳಿನ ಇದೇ ಹೂವು ಚಕ್ರವರ್ತಿಯ ಮುದ್ರೆ."

ದೊಡ್ಡಪ್ಪ: ನೋಡಿ, ಜರ್ಮನಿಯಲ್ಲಿರುವ ಹುಡುಗನೇ ಒಪ್ಪಿಕೊಂಡ. ಗೋರಿಗೆ ಇಡುತ್ತಾರಂತೆ.

ಮೈಸೂರು ಅತ್ತೆ: ಅಯ್ಯೋ ರಾಮ.

ಮ್ಯೂನಿಕ್ ತಮ್ಮ: ಪೂರ್ತಿ ಓದಿ ದೊಡ್ಡಪ್ಪ!! ಆ ಲೆಕ್ಕಕ್ಕೆ ಚೆಂಡು ಹೂವು ಮೆಕ್ಸಿಕೋ ಕಡೆಯಿಂದ ಬಂದದ್ದು, ಅಲ್ಲಿ ಸತ್ತವರ ಹಬ್ಬ ಮಾಡುವುದೇ ಅದರಲ್ಲಿ. ಆಯುಧ ಪೂಜೆಗೆ ನಿಮ್ಮ ಸ್ಕೂಟರಿಗೆ ಏನು ಹಾಕಿದ್ದಿರಿ?

ದೊಡ್ಡಪ್ಪ: ಆಯುಧ ಪೂಜೆ ಮುಗಿದಿದೆ. ವಿಷಯಾಂತರ ಬೇಡ.

ಹಾಸನ ಅತ್ತೆ: ನನಗೆ ಎರಡು ವರ್ಷದಿಂದ ಕೂದಲು ಉದುರುತ್ತಿದೆ. ಆದರೆ ನಾನು ಸೇವಂತಿಗೆ ಮುಡಿಯುವುದೇ ಇಲ್ಲ.

ಇಲ್ಲಿ ತುಮಕೂರು ಅಣ್ಣ ಎದ್ದ. ಅವನು ಎದ್ದರೆ ಹಳೇ ಮನೆ ಹಿತ್ತಲಿಗೆ ಹೋಗದೆ ವಾಪಸ್ ಬರುವುದಿಲ್ಲ.

ತುಮಕೂರು ಅಣ್ಣ: ಹೂವು ಅಂದರೆ ಅಜ್ಜಿ ಕಟ್ಟುತ್ತಿದ್ದ ಹೂವು ಕಣ್ರೋ. ಬಾವಿ ಕಟ್ಟೆ ಪಕ್ಕ ಕನಕಾಂಬರದ ಸಾಲು ನೆನಪಿದೆಯಾ? ಬಾಳೆನಾರು ಚೊಂಬಿನ ನೀರಲ್ಲಿ ನೆನೆಹಾಕಿ, ಸೀಳಿ, ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಎರಡು ಹೂವು ಈ ಕಡೆ, ಎರಡು ಆ ಕಡೆ, ನಡುವೆ ಒಂದು ಎಸಳು ಮರುಗ, ಒಂದು ಸುತ್ತು, ಒಂದು ಗಂಟು. ಕಣ್ಣು ಮಾತ್ರ ಬೀದಿ ಕಡೆ. ನಾವು ಮೊಗ್ಗು ಕದ್ದರೆ ಅದೇ ಒದ್ದೆ ನಾರಿನಲ್ಲಿ ಒಂದು ಏಟು. ಕಟ್ಟಿದ್ದನ್ನು ಬಾಳೆ ಎಲೆಯಲ್ಲಿ ಸುತ್ತಿ ನೀರಿನ ಹಂಡೆ ಪಕ್ಕ ಇಟ್ಟರೆ ಮಾರನೇ ದಿನಕ್ಕೂ ಹಾಗೇ ಇರುತ್ತಿತ್ತು. ಈಗ ಎಲ್ಲಾ ಪ್ಲಾಸ್ಟಿಕ್ ಕವರ್, ಫ್ರಿಜ್ಜು.

ಶಿವಮೊಗ್ಗ ಚಿಕ್ಕಪ್ಪ: ಆ ಬಾವಿ ಮುಚ್ಚಿಸಿದ್ದೂ ಅಣ್ಣನೇ.

(ಎರಡನೇ ಮೆಸೇಜ್. ಈ ವರ್ಷಕ್ಕೆ ಇನ್ನೊಂದು ಉಳಿಯಿತು.)

ಉಡುಪಿ ಚಿಕ್ಕಮ್ಮ: ಮಲ್ಲಿಗೆ ಮಾತ್ರ ಬಳಸಿ ಅಂತ ಬರೆದವರು ಮಲ್ಲಿಗೆ ಕೊಂಡವರಲ್ಲ. ಚಳಿ ಬಿದ್ದರೆ ಗಿಡದಲ್ಲಿ ಹೂವೇ ಕಡಿಮೆ. ಶಂಕರಪುರ ಮಲ್ಲಿಗೆಯ ಲೆಕ್ಕ ಗೊತ್ತಲ್ಲ, ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಓಣಿಯ ಮದುವೆಗೆ ಅಟ್ಟೆ ಎರಡು ಸಾವಿರ ದಾಟಿತ್ತು. ಮಂಟಪಕ್ಕೆ ಭಾವನವರು ಎಷ್ಟು ಅಟ್ಟೆ ಕೊಡಿಸುತ್ತಾರೋ ಕೇಳಿ.

ಭಾವನವರು, ಅಂದರೆ ನಮ್ಮ ದೊಡ್ಡಪ್ಪ, ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದರು ಅಂತ ಕಾಣುತ್ತದೆ.

ಮೈಸೂರು ಅತ್ತೆ: ಮಲ್ಲಿಗೆ ಅಂದರೆ ಮೈಸೂರು ಮಲ್ಲಿಗೆ. ಮಿಕ್ಕಿದ್ದೆಲ್ಲ ಸುಮ್ನೆ.

ಉಡುಪಿ ಚಿಕ್ಕಮ್ಮ: ನಮ್ಮದಕ್ಕೂ ಜಿಐ ಟ್ಯಾಗ್ ಇದೆ ಅತ್ತಿಗೆ, ಇದು ಈ ಊರಿನದೇ ಅಂತ ಸರ್ಕಾರ ಕೊಡುವ ಗುರುತು. ಹಡಗಲಿ ಮಲ್ಲಿಗೆಗೂ ಇದೆ.

ಮೈಸೂರು ಅತ್ತೆ: ಟ್ಯಾಗ್ ಮುಡಿಯುತ್ತಾರಾ?

ಆಗ ಮದುಮಗಳೇ ಬಂದಳು. ಪಾಪ, ಅವಳಿಗೆ ಈ ಗುಂಪಿನ ಅನುಭವ ಸಾಲದು, ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟುಬಿಟ್ಟಳು.

ಪುಟ್ಟಿ: ದೊಡ್ಡ ತಾತ, ಜಡೆಗೆ ಮಲ್ಲಿಗೆಯೇ. ಹಾರಕ್ಕೆ ಸುಗಂಧರಾಜ. ಮಂಟಪಕ್ಕೆ ಮಾತ್ರ ಸೇವಂತಿಗೆ. ಬಂದವರಿಗೆ ಹಂಚಲು ಕಾಕಡ, ಕನಕಾಂಬರ.

ಮೈಸೂರು ಅತ್ತೆ: ಕಾಕಡಾನಾ?? ಅದಕ್ಕೆ ವಾಸನೆಯೇ ಇಲ್ಲ.

ಪುಟ್ಟಿ: ಈ ತಿಂಗಳು ಚೆನ್ನಾಗಿ ಸಿಗುವುದು ಅದೇ ಅಜ್ಜಿ. ಬೇಗ ಬಾಡುವುದೂ ಇಲ್ಲ.

ಮೈಸೂರು ಅತ್ತೆ: ಕನಕಾಂಬರದ ಸುದ್ದಿ ಮಾತ್ರ ಎತ್ತಬೇಡ ಮಗಳೇ. 2011ರಲ್ಲಿ ಹಾಸನದವರ ಮನೆ ಮದುವೆಯಲ್ಲಿ ಗಂಡಿನ ಕಡೆಯವರಿಗೆಲ್ಲ ಮೊಳ ಮೊಳ ಮಲ್ಲಿಗೆ, ಮನೆ ಮಗಳು ನನಗೆ ಅರ್ಧ ಮೊಳ ಕನಕಾಂಬರ. ಫೋಟೋದಲ್ಲಿ ಇವತ್ತಿಗೂ ನೋಡಬಹುದು, ನನ್ನ ತಲೆಯಲ್ಲಿ ಹೂವು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಹಾಸನ ಅತ್ತೆ: ಅಕ್ಕ, ಹದಿಮೂರು ಹದಿನಾಲ್ಕು ವರ್ಷ ಆಯ್ತು. ಅವತ್ತು ಕನಕಾಂಬರ ಮಲ್ಲಿಗೆಗಿಂತ ದುಬಾರಿ ಇತ್ತು. ನಿನಗೆ ಅಂತಲೇ ಎತ್ತಿಟ್ಟಿದ್ದೆ.

ಮೈಸೂರು ಅತ್ತೆ: ದುಬಾರಿ ಅಂತ ಅರ್ಧ ಮೊಳಾನಾ?

ಹಾಸನ ಅತ್ತೆ: ಅದು ಒಂದು ಮೊಳವೇ. ನನ್ನ ಕೈ ಚಿಕ್ಕದು.

ಮೈಸೂರು ಅತ್ತೆ: ಗಂಡಿನ ಕಡೆಯವರಿಗೆ ಅಳೆಯುವಾಗ ಕೈ ಉದ್ದ ಆಗಿತ್ತು ಅಲ್ವಾ.

ಇಲ್ಲಿಂದ ಮುಂದೆ 40 ಮೆಸೇಜ್ ಮೊಳದ ಬಗ್ಗೆಯೇ. ಹೂವಿನವಳ ಮೊಳ ಯಾಕೆ ಯಾವಾಗಲೂ ಗಿಡ್ಡ, ಮೊಳ ಅಂದರೆ ನಡುಬೆರಳಿನ ತುದಿಯಿಂದ ಮೊಣಕೈವರೆಗೋ ಅಥವಾ ಮುಷ್ಟಿ ಹಿಡಿದೋ, ನಾಲ್ಕು ಮೊಳ ಸೇರಿದರೆ ಒಂದು ಮಾರು ಆಗಬೇಕಲ್ಲ, ಯಾರಿಗಾದರೂ ಯಾವತ್ತಾದರೂ ಆಗಿದೆಯಾ. ತಮ್ಮ ನಡುವೆ ಬಂದು ಸೆಂಟಿಮೀಟರ್ ಅಂದ, ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ. ತುಮಕೂರು ಅಣ್ಣ ತನ್ನ ಕೈಯ ಫೋಟೋ ಹಾಕಿದ. ಗೋರಿ, ವಿಜ್ಞಾನಿ, ಬಲ್ಬ್ ಎಲ್ಲ ಮೇಲೆಲ್ಲೋ ಕಳೆದುಹೋಗಿತ್ತು.

ಮಧ್ಯಾಹ್ನ ಮೂರಕ್ಕೆ ಅಕ್ಕ ಬಂದಳು.

ಅಕ್ಕ: ಬೆಳಿಗ್ಗೆಯಿಂದ ಅಡುಗೆಯವರ ಜೊತೆ ಇದ್ದೆ, ಈಗ ನೋಡಿದೆ, 118 ಮೆಸೇಜ್. ಹೂವಿನವರಿಗೆ ಅಡ್ವಾನ್ಸ್ ಕೊಟ್ಟು ಹತ್ತು ದಿನ ಆಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ನಾನೇ ನೋಡಿಕೊಂಡು ಬಂದೆ. ಮಲ್ಲಿಗೆ ಮುಟ್ಟುವ ಹಾಗಿಲ್ಲ. ದಸರಾ ಮುಗಿದ ಮೇಲೆ ಸೇವಂತಿಗೆ ರೇಟು ಇಳಿದಿದೆ, ಹಿಂದಿನ ರಾತ್ರಿ ಕಟ್ಟಿದರೂ ಧಾರೆ ಹೊತ್ತಿಗೆ ಬಾಡುವುದಿಲ್ಲ. ನನ್ನ ಭಯ ಮಳೆಯದ್ದು, ನವೆಂಬರ್‌ನಲ್ಲಿ ಸೈಕ್ಲೋನ್ ಎದ್ದರೆ ಒದ್ದೆ ಹೂವು ಬರುತ್ತದೆ, ತೂಕ ಜಾಸ್ತಿ, ಮಾರನೇ ದಿನಕ್ಕೆ ಕೊಳೆತ ವಾಸನೆ. ಅದಕ್ಕೆ ಏನಾದರೂ ಉಪಾಯ ಇದ್ದರೆ ಹೇಳಿ. ಇಲ್ಲದಿದ್ದರೆ ಬಾಗಿಲಲ್ಲಿ ನಿಂತು ಹೂವು ಹಂಚಲು ಒಬ್ಬರು ಬೇಕು, ಯಾರು ನಿಲ್ಲುತ್ತೀರಿ?

ಮಳೆಗೆ ಯಾರ ಹತ್ತಿರವೂ ಉಪಾಯ ಇರಲಿಲ್ಲ. ಮೈಸೂರು ಅತ್ತೆ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ಹೋಯಿತು. ಹಾಸನ ಅತ್ತೆ ಟೈಪ್ ಮಾಡುತ್ತಿದ್ದಾರೆ. ಅದೂ ಹೋಯಿತು.

ಮೈಸೂರು ಅತ್ತೆ: ನಾನು ನಿಲ್ಲುತ್ತೇನೆ. ಆದರೆ ಕತ್ತರಿ ನನ್ನ ಕೈಯಲ್ಲಿರಬೇಕು.

ಹಾಸನ ಅತ್ತೆ: ಹಾಗಾದರೆ ನಾನೂ ನಿಲ್ಲುತ್ತೇನೆ.

ದೊಡ್ಡಪ್ಪ ಎರಡಕ್ಕೂ ಕೈ ಮುಗಿದರು. ಅದರ ಹಿಂದೆಯೇ ನನ್ನ ಫೋನಿಗೆ ಬೇರೆಯಾಗಿ ಒಂದು ಮೆಸೇಜ್, ಅಕ್ಕನದು: ಬರುವಾಗ ಟೈಲರ್ ಅಂಗಡಿಯಿಂದ ಒಂದು ಟೇಪು ತಗೊಂಡು ಬಾ.