ಸಹಾಯ ಬೇಕು: ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಬಾಡಿಗೆ ಕಾರು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮ, ತಮ್ಮ ಹಾಸನದಿಂದ ಬರುತ್ತಿದ್ದಾರೆ. ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ಜಯಾನ್, ಬ್ರೈಸ್ ನ್ಯಾಷನಲ್ ಪಾರ್ಕ್‌ಗಳು, ಗ್ರ್ಯಾಂಡ್ ಕ್ಯಾನಿಯನ್ ಸೌತ್ ರಿಮ್ (ದಕ್ಷಿಣದ ಅಂಚು) ನೋಡುವ ಯೋಚನೆ. ಸೌತ್ ರಿಮ್‌ನಿಂದ ವಾಪಸ್ ಬರುವುದೇ ಸುಮಾರು 280 ಮೈಲಿ, ಅಂದರೆ 450 ಕಿ.ಮೀ.

ಹೋದ ಸಲ ಅರಿಜೋನಾದಲ್ಲಿ ಕಿಂಗ್‌ಮನ್ ದಾಟಿದ ಮೇಲೆ ಟೈರಿನ ಹಳದಿ ದೀಪ ಹತ್ತಿಕೊಂಡಿತು. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದರೆ ಸ್ಟೆಪ್ನಿಯೇ ಇಲ್ಲ! ಆ ಜಾಗದಲ್ಲಿ ಪುಟ್ಟದೊಂದು ಪಂಪು, ಪಂಕ್ಚರ್ ಮುಚ್ಚುವ ಅಂಟಿನ ಬಾಟಲಿ, ಅಷ್ಟೇ. ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಮಗಳು ಹಿಂದೆ ಮಲಗಿದ್ದಳು. ಎದೆ ಧಸಕ್ ಅಂದಿತು. ಈ ಸಲ ವಯಸ್ಸಾದವರು ಜೊತೆಗಿರುತ್ತಾರೆ, ಹಾಗಾಗಬಾರದು ಅಲ್ವಾ?

ಸ್ಟೆಪ್ನಿ ಇರುವ ಕಾರೇ ಬೇಕು ಅಂತ ಕೌಂಟರಿನಲ್ಲಿ ಕೇಳಿದರೆ ಕೊಡುತ್ತಾರಾ? ಬುಕ್ ಮಾಡಿದ ಮಾಡೆಲ್ಲೇ ಸಿಗುವುದಿಲ್ಲ, ಅದೇ ವರ್ಗದ ಇನ್ಯಾವುದೋ ಸಿಗಬಹುದು ಅನ್ನೋದು ಗೊತ್ತು. ಆದರೆ ನಾವು ಐದು ಜನ, ನಾಲ್ಕು ದೊಡ್ಡ ಸೂಟ್‌ಕೇಸ್. ಮಿಡ್‌ಸೈಜ್ ಎಸ್‌ಯುವಿ ಸಾಕಾ? ಅಮ್ಮನಿಗೆ ಮಂಡಿನೋವು, ಜಾಸ್ತಿ ಎತ್ತರ ಇದ್ದರೆ ಹತ್ತೋದು ಕಷ್ಟ.

ತಮ್ಮನೂ ಓಡಿಸುತ್ತಾನೆ. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ದಾನೆ, ವಯಸ್ಸು 24. ಇಪ್ಪತ್ತೈದರ ಒಳಗಿನವರಿಗೆ ದಿನಕ್ಕೆ ಎಷ್ಟು ಹೆಚ್ಚಿಗೆ ಹಾಕಿದರು? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ಮುಂದಿನ ವಾರ ಬುಕ್ ಮಾಡಬೇಕು.